ಸ್ಕಾಟ್ಲೆಂಡಿನ ಕೋಟೆಯಲ್ಲಿ ಗಿರಿಜಮ್ಮ

ಗಿರಿಜಮ್ಮನಿಗೆ ಅವತ್ತು ತಲೆ ಕೆಟ್ಟಿತ್ತು ಎಂದು ಹೇಳುವವರು ಅಹಮದಾಬಾದಿನ ನಮ್ಮ ಚಾಂದ್‌ಖೇಡಾದಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಒಬ್ಬರೂ ಆ ದಿನ ಆ ಕೋಟೆಯಲ್ಲಿ ಇರಲಿಲ್ಲ. ನಾನಿದ್ದೆ. ಕಂಡವರು ಬಾಯಿ ಮುಚ್ಚಿಕೊಂಡಿದ್ದು ಕಾಣದವರು ಕತೆ ಕಟ್ಟುತ್ತಾ ಹೋಗುವುದನ್ನು ಎಷ್ಟು ದಿನ ಕೇಳಿಸಿಕೊಳ್ಳಲಿ? ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ಆಕೆ ಯಾರು ಅನ್ನುವುದನ್ನು ಹೇಳಿಬಿಡುತ್ತೇನೆ. ಗದಗಿನ ಕಡೆಯ ಹೆಣ್ಣುಮಗಳು. ಗಂಡ ಸಿದ್ದಲಿಂಗಪ್ಪನವರು ಇಲ್ಲಿನ ಎಣ್ಣೆ ಕಂಪನಿಯ ಬಾವಿಗಳ ಮೇಲೆ ಇಡೀ ಆಯುಷ್ಯ ದುಡಿದು, ನಿವೃತ್ತರಾದ ಮೇಲೂ ಊರಿಗೆ ಹೋಗದೆ ಚಾಂದ್‌ಖೇಡಾದಲ್ಲೇ ಫ್ಲಾಟು ಕೊಂಡವರು. ಒಬ್ಬನೇ ಮಗ ನಿತೇಶ್, ವಡೋದರಾದ ಆಲ್ಕಾಪುರಿಯಲ್ಲಿ ಆಫೀಸು, ಅಲ್ಲೇ ಮನೆ. ನಾವು ಪಕ್ಕದ ಬಾಗಿಲಿನವರು. ನಮ್ಮವರು ಹಯವದನ, ಬ್ಯಾಂಕಿನಲ್ಲಿದ್ದಾರೆ. ಮೈಸೂರಿನಿಂದ ವರ್ಗವಾಗಿ ಬಂದ ವಾರ ನಮ್ಮ ಮನೆಯಲ್ಲಿ ಗ್ಯಾಸಿಲ್ಲ, ಪಾತ್ರೆಗಳಿನ್ನೂ ಲಾರಿಯಲ್ಲಿ. ಆಗ ಎರಡು ಹೊತ್ತು ಬಿಸಿ ರೊಟ್ಟಿ, ಎಣ್ಣೆಗಾಯಿ ತಂದಿಟ್ಟು, "ಉಣ್ರಿ, ನಾಚಬ್ಯಾಡ್ರಿ" ಎಂದು ಎದುರಿಗೇ ನಿಂತಿರುತ್ತಿದ್ದವರು ಗಿರಿಜಮ್ಮ. ನಾಚಿಕೆಪಟ್ಟುಕೊಳ್ಳಲು ನಮಗೆ ಅವಕಾಶವನ್ನೇ ಕೊಡಲಿಲ್ಲ.

ದೊಡ್ಡದಾಗಿ ನಗುವ, ಚೆನ್ನಾಗಿ ತಿನ್ನುವ, ಮೂವತ್ತು ವರ್ಷವಾದರೂ ಗುಜರಾತಿಯನ್ನು ಗದಗಿನ ರಾಗದಲ್ಲೇ ಮಾತಾಡುವ ಹೆಂಗಸು. ವ್ರತ, ನೇಮ ಎಂದು ಊರಿಗೆಲ್ಲ ಸಾರಿಕೊಂಡು ತಿರುಗುವವಳು ನಾನು. ಏಕಾದಶಿಯ ದಿನ ನಾನು ಮುಗಿಸುವ ಫಲಾಹಾರಕ್ಕಿಂತ ಮಾಮೂಲಿ ಊಟವೇ ಹಗುರ ಎಂದು ನಮ್ಮವರು ಹಂಗಿಸುತ್ತಾರೆ. ಗಿರಿಜಮ್ಮನ ದೇವರು ದೇವರ ಮನೆಯಲ್ಲಿ ಇರಲಿಲ್ಲ, ಕೊರಳಲ್ಲಿತ್ತು. ಪುಟ್ಟ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಳಿಗ್ಗೆ ಸ್ನಾನವಾದ ಮೇಲೆ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದರು, ಆಮೇಲೆ ನಾಷ್ಟಾ. ಹಾಲಿನವನು ಬಂದರೆ ಕೂತಲ್ಲಿಂದಲೇ ಕಣ್ಣಿನಲ್ಲೇ ಪಾತ್ರೆ ತೋರಿಸುತ್ತಿದ್ದರು. ಹಲ್ಲುಜ್ಜಿದಷ್ಟು ಸಲೀಸು. ಆ ಸಲೀಸಿನೊಳಗೆ ಎಂಥ ಕಲ್ಲು ಇತ್ತು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗಂಡನಿಗೂ ಗೊತ್ತಿರಲಿಲ್ಲ.

ಪ್ರವಾಸಕ್ಕೆ ಹೊರಡಿಸಿದವರು ಸಿದ್ದಲಿಂಗಪ್ಪನವರು. ಅಹಮದಾಬಾದಿನ ಪ್ರವಾಸದ ಕಂಪನಿಗಳದ್ದೊಂದು ಪದ್ಧತಿಯಿದೆ: ಎಲ್ಲಿಗೆ ಹೋದರೂ ಅಡುಗೆಯ ಮಹಾರಾಜ್ ಜೊತೆಗೇ ಬರುತ್ತಾರೆ. ಭೂಮಿಯ ಯಾವ ತುದಿಯಲ್ಲಿ ಬಸ್ಸು ನಿಂತರೂ ಹಿಂದಿನ ಡಿಕ್ಕಿಯಿಂದ ಥೇಪ್ಲಾ, ಖಾಖರಾ, ಮಾವಿನ ಛುಂದೋ ಇಳಿಯುತ್ತವೆ. ಈರುಳ್ಳಿ ತಿನ್ನದ ಜೈನರಿಗೆ ಬೇರೆ ಡಬ್ಬಿ. ಈ ಧೈರ್ಯದ ಮೇಲೆಯೇ ನಾನೂ ಹೆಸರು ಕೊಟ್ಟೆ. ನಮ್ಮವರು ಬರಲಿಲ್ಲ, ಅವರಿಗೆ ಸಬರಮತಿ ದಾಟಿದರೇ ವಿದೇಶ. ಬಸ್ಸಿನಲ್ಲಿ ಸೂರತ್‌ನ ಉಧ್ನಾದಲ್ಲಿ ಸೀರೆ ಮಿಲ್ಲು ನಡೆಸುವ ರಸಿಕ್‌ಭಾಯ್ ಇದ್ದರು, ನಮ್ಮ ಅಹಮದಾಬಾದಿನವರೇ ಆದ ಹಿರಿಯ ಜೈನ ಹೆಂಗಸು ನಿರಂಜನಾಬೆನ್ ಇದ್ದರು. ಎಲ್ಲರನ್ನೂ ಕುರಿಮಂದೆಯಂತೆ ಎಣಿಸಿ ಹತ್ತಿಸುವ ಮ್ಯಾನೇಜರು ಭಾವಿನ್‌ಭಾಯ್.

ಕೋಟೆಯ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ, ಬಿಡಿ. ಸ್ಕಾಟ್ಲೆಂಡಿನ ಗಡಿಯ ಕಡೆ, ಸುತ್ತಲೂ ಬೋಳು ಹುಲ್ಲುಗುಡ್ಡ, ಪಕ್ಕದಲ್ಲೊಂದು ಹಳ್ಳ. ಏಳುನೂರು ವರ್ಷ ಹಳೆಯ ಗೋಡೆಗಳು ಮಾತ್ರ ನಿಂತಿವೆ, ಮಾಡು ಎಂದೋ ಬಿದ್ದುಹೋಗಿದೆ. ರಾಣಿಯ ಮಂಚ, ಜರಿಯ ಪರದೆ ಏನಾದರೂ ಇದ್ದೀತು ಎಂದುಕೊಂಡು ಹೋದ ನಮಗೆ ಸಿಕ್ಕಿದ್ದು ಕಾಗೆ ಮತ್ತು ಗಾಳಿ. ಜೂನ್ ತಿಂಗಳು. ಅಹಮದಾಬಾದ್ ಕಾದ ಬಾಣಲೆಯಾಗಿರುವಾಗ ನಾವಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ನಡುಗುತ್ತಿದ್ದೆವು. ಮರುದಿನ ಬೆಳಿಗ್ಗೆ ವಾಪಸು ವಿಮಾನ, ಇದೇ ಕೊನೆಯ ಜಾಗ.

ಟಿಕೆಟ್ಟು ಕೊಡುವುದೂ ಕತೆ ಹೇಳುವುದೂ ಒಬ್ಬಳೇ ಎತ್ತರದ ಹೆಂಗಸು. ನಾನು ಮನಸ್ಸಿನಲ್ಲೇ ಅವಳಿಗೆ ಕೋಟೆಯಮ್ಮ ಎಂದು ಹೆಸರಿಟ್ಟೆ. ನೆಲಮಟ್ಟದ ಒಂದು ಕೋಣೆಯಲ್ಲಿ ನೆಲಕ್ಕೆ ಕಬ್ಬಿಣದ ಸರಳಿನ ಬಾಗಿಲು ಕೂರಿಸಿ ಬೀಗ ಹಾಕಿದ್ದರು. ಕೆಳಗೆ ಬಾವಿಯಂಥ ಕತ್ತಲು. ಅದರ ಸುತ್ತ ನಮ್ಮನ್ನು ನಿಲ್ಲಿಸಿ ಅವಳು ಕತೆ ಹೇಳಿದಳು, ಭಾವಿನ್‌ಭಾಯ್ ಗುಜರಾತಿಗೆ ತಿರುಗಿಸಿದ, ಗಾಳಿಯಲ್ಲಿ ಹಾರಿಹೋದ ಮಾತನ್ನು ನಾನು ಗಿರಿಜಮ್ಮನಿಗೆ ಕನ್ನಡದಲ್ಲಿ ಹೇಳಿದೆ.

ರಾಜನಿಗೆ ಇಬ್ಬರು ಸರದಾರರಿದ್ದರಂತೆ, ಇಬ್ಬರೂ ಸ್ನೇಹಿತರು. ಅವರಲ್ಲೊಬ್ಬ ಶತ್ರುಗಳ ಕೈಯಿಂದ ಒಂದು ಕೋಟೆ ಗೆದ್ದುಕೊಟ್ಟದ್ದಕ್ಕೆ ರಾಜ ಮೆಚ್ಚಿ, ಇನ್ನೊಬ್ಬನ ಹತ್ತಿರವಿದ್ದ ಅಧಿಕಾರವನ್ನು ತೆಗೆದು ಇವನಿಗೆ ಕೊಟ್ಟ. ಅಧಿಕಾರ ಹೋದವನಿಗೆ ಹೊಟ್ಟೆ ಉರಿಯಿತು. ಹೊಸಬ ಚರ್ಚಿನಲ್ಲಿ ಕೂತು ಜನರ ದೂರು ಕೇಳುತ್ತಿದ್ದಾಗ ನುಗ್ಗಿ, ಹಿಡಿದು, ಕುದುರೆಗೆ ಕಟ್ಟಿ ಇಲ್ಲಿಗೆ ತಂದು ಈ ಗುಂಡಿಯಲ್ಲಿ ಇಳಿಸಿದ. ಅನ್ನವಿಲ್ಲ, ನೀರಿಲ್ಲ. ಆದರೂ ಆತ ಎರಡು ವಾರಕ್ಕಿಂತ ಹೆಚ್ಚು ಬದುಕಿದ್ದನಂತೆ. ಮೇಲಿನ ಉಗ್ರಾಣದ ನೆಲದಲ್ಲಿ ಒಂದು ಬಿರುಕಿತ್ತು, ದಪ್ಪ ಗೋಡೆಯೊಳಗಿನಿಂದ ನೇರ ಈ ಗುಂಡಿಗೇ ಇಳಿಯುವಂಥದ್ದು, ಅದರಿಂದ ಉದುರಿದ ಕಾಳು ತಿಂದುಕೊಂಡು. ಕೊನೆಗೆ ಸತ್ತ. ರಾಜನಿಗೆ ಸಿಟ್ಟು ಬಂತು, ಆಮೇಲೆ ಇಳಿಯಿತು. ಕೊಂದವನಿಗೆ ಕ್ಷಮೆ ಸಿಕ್ಕಿತು, ಸತ್ತವನ ಅಧಿಕಾರವೂ ಸಿಕ್ಕಿತು.

"ಪ್ರಮೋಷನ್ ಆಪ್ಯುಂ?" ಕೊಟ್ಟರಾ ಎಂದು ಬಾಯಿ ತೆರೆದುಕೊಂಡೇ ಕೇಳಿದರು ರಸಿಕ್‌ಭಾಯ್. ಯಾರೂ ನಗಲಿಲ್ಲ. ಮೇಲೆ ಔತಣ ಉಣ್ಣುತ್ತಾ, ಕೆಳಗೆ ಒಬ್ಬ ಕೂಗುತ್ತಿರುವುದನ್ನು ಕೇಳಿಸಿಕೊಂಡು ನಿದ್ದೆ ಮಾಡಿದವರಿದ್ದರಲ್ಲ ಎಂದು ನನಗೆ ಹೊಳೆಯಿತು.

ಗಿರಿಜಮ್ಮ ಬಗ್ಗಿ ಸರಳಿನೊಳಗೆ ನೋಡುತ್ತಿದ್ದರು. "ಪದ್ಮಕ್ಕ, ಕಾಳು ತಾನ ಉದುರ್ತಿತ್ತಂತೇನು?" ಎಂದು ಕೇಳಿದರು.

"ಹೌದಂತೆ."

"ಒಂದಿನಾ ಉದುರತೈತಿ. ದಿನಾ ಉದುರಬೇಕಂದ್ರ ಯಾರರ ದೂಡಬೇಕು. ಯಾವಾಕೀನೋ ಕಸಾ ಹೊಡಿಯೂ ನೆವದಾಗ ಕಸಬರಿಗಿಲೆ ದೂಡ್ಯಾಳ. ಕೇಳ್ರಿ ಆಕೀನ್ನ."

ಕೇಳಿದೆ. ಹಾಗೆಂದು ಯಾವ ಪುಸ್ತಕದಲ್ಲೂ ಇಲ್ಲ ಎಂದಳು ಕೋಟೆಯಮ್ಮ. ಪುಸ್ತಕ ಬರೆದವನು ಒಂದು ದಿನವಾದರೂ ಉಗ್ರಾಣ ಗುಡಿಸಿದ್ದರಲ್ಲವೇ ಇರುವುದು.

ಊಟದ ಹೊತ್ತಾಯಿತು. ಹೊರಗೆ ಹುಲ್ಲಿನ ಮೇಲೆ ಮಹಾರಾಜ್ ಡಬ್ಬಿ ಬಿಚ್ಚಿದರು. ಅಂದು ಬಸ್ಸು ನಸುಕಿನಲ್ಲೇ ಹೊರಟದ್ದರಿಂದ ಗಿರಿಜಮ್ಮನ ಪೂಜೆಯಾಗಿರಲಿಲ್ಲ. ಪೂಜೆಯಾಗದೆ ಆಕೆ ನೀರೂ ಕುಡಿದಿರಲಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆಯೂ ನುಂಗಿರಲಿಲ್ಲ. "ಗಾಳಿ ಇಲ್ಲದ ಜಾಗಾ ನೋಡ್ಕೊಂಡು ಮುಗಿಸಿ ಬರ್ತೀನಿ" ಎಂದು ಒಬ್ಬರೇ ಒಳಗೆ ಹೋದರು. ಮೆಟ್ಟಿಲು ಹತ್ತಿ ಮೇಲೊಂದು ಸಣ್ಣ ಕೋಣೆ, ಮೂಲೆಯಲ್ಲಿ ನೆಲಕ್ಕೆ ಹತ್ತಿಕೊಂಡಂತೆ ಕಲ್ಲಿನ ಕಟ್ಟೆ, ಬೆಚ್ಚಗಿನ ಜಾಗ. ಅದೇ ಆ ಉಗ್ರಾಣ ಎಂದು ಆಕೆಗೆ ತಿಳಿಯಲಿಲ್ಲ.

ಈಗ ಸಿದ್ದಲಿಂಗಪ್ಪನವರ ಗಂಟಲಿನ ವಿಷಯ ಹೇಳಬೇಕು. ಕೊರೆಯುವ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆಸಿದ ಗಂಟಲು ಅದು. ಅವರು ಬಾಲ್ಕನಿಯಲ್ಲಿ ಫೋನಿನಲ್ಲಿ ಮಾತಾಡಿದರೆ ಫೋನು ಬೇಕಾಗಿರಲಿಲ್ಲ ಎಂದು ನಾವು ಆಡಿಕೊಳ್ಳುತ್ತೇವೆ. ಪುಲಾವು ಆರುತ್ತದೆಂದು ಅವರು ಮೆಟ್ಟಿಲ ಬುಡದಲ್ಲಿ ನಿಂತು, "ಏ ಗಿರಿಜಾ" ಎಂದು ಒಂದು ಕೂಗು ಹಾಕಿದರು. ಮಾಡಿಲ್ಲದ ಗೋಡೆಗಳ ನಡುವೆ ಅದು ಗುಡುಗಿದಂತಾಯಿತು, ಕಾಗೆಗಳೆಲ್ಲ ಎದ್ದವು. ಗಿರಿಜಮ್ಮ ಬೆಚ್ಚಿದರು. ಅಂಗೈ ಅಲುಗಿತು.

ನಾನು ಹೋಗಿ ನೋಡಿದಾಗ ಆಕೆ ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಎಡಗೈ ಇನ್ನೂ ಹಾಗೇ ಚಾಚಿಕೊಂಡಿತ್ತು, ವಿಭೂತಿ ಹತ್ತಿದ ಬರಿ ಅಂಗೈ. ಎದುರಿಗೆ ಎರಡು ಕಲ್ಲುಗಳ ನಡುವೆ ನಾಲ್ಕು ಬೆರಳಗಲದ ಬಿರುಕು. ಲಿಂಗ ಅದರೊಳಗೆ ಉರುಳಿಹೋಗಿತ್ತು. ಕೆಳಗಿನ ಗುಂಡಿಯ ಕತೆ ಕೇಳಿ ಅರ್ಧ ತಾಸೂ ಆಗಿರಲಿಲ್ಲ.

"ಪದ್ಮಕ್ಕ, ಅದು ಬರೂತನಾ ನಾ ನೀರು ಮುಟ್ಟಂಗಿಲ್ಲ" ಎಂದರು ಗಿರಿಜಮ್ಮ. ಅಳಲಿಲ್ಲ, ದನಿ ಏರಿಸಲಿಲ್ಲ. ನಾಳೆ ಹಾಲು ಬೇಡ ಎಂದು ಹೇಳುವಷ್ಟೇ ಸಾದಾ ದನಿ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಗುಂಡಿಯ ಬೀಗದ ಕೈ ಕೋಟೆಯಮ್ಮನ ಹತ್ತಿರ ಇರಲಿಲ್ಲ. ದೂರದ ಪಟ್ಟಣದ ಆಫೀಸಿನಲ್ಲಿತ್ತು. ತೆರೆಯಲು ಅಪ್ಪಣೆ ಬೇಕು, ಒಳಗಿನ ಗಾಳಿ ಪರೀಕ್ಷೆಯಾಗಬೇಕು, ಏಣಿ ಬೇಕು. ಪಾಪ, ಅವಳು ನಿಜವಾಗಿ ಗಾಬರಿಯಾಗಿ ಫೋನಿನ ಮೇಲೆ ಫೋನು ಮಾಡಿದಳು. ಕಳೆದದ್ದು ಏನು ಎಂದು ಆಫೀಸಿನವರಿಗೆ ಹೇಗೆ ಹೇಳಲಿ ಎಂದು ನನ್ನನ್ನು ಕೇಳಿದಳು. ಆಕೆಯ ದೇವರು ಎಂದು ಹೇಳು ಎಂದೆ. ಇತ್ತ ಬಸ್ಸಿನ ಡ್ರೈವರು, ಅಲ್ಲಿನ ಕಾಯಿದೆಯ ಪ್ರಕಾರ ತಾನು ಸಂಜೆಯ ಮೇಲೆ ಗಾಡಿ ಓಡಿಸುವಂತಿಲ್ಲ ಎಂದ. ಭಾವಿನ್‌ಭಾಯ್ ಒಮ್ಮೆ ಗಡಿಯಾರ, ಒಮ್ಮೆ ಗಿರಿಜಮ್ಮನ ಮುಖ ನೋಡುತ್ತಾ ನಿಂತ.

ಸಿದ್ದಲಿಂಗಪ್ಪನವರು ಮಾತ್ರ ಹೆದರಲಿಲ್ಲ. ಎಣ್ಣೆ ಬಾವಿಯ ಆಳದಲ್ಲಿ ಮುರಿದು ಬಿದ್ದ ಸಾಮಾನನ್ನು ಮೇಲಿನಿಂದಲೇ ಹುಡುಕಿ ಎತ್ತುವುದು ಅವರು ಮಾಡುತ್ತಿದ್ದ ಕೆಲಸ. ಬಾವಿಗೆ ಬಿದ್ದ ಕೊಡ ಎತ್ತುವ ನಮ್ಮ ಪಾತಾಳಗರಡಿಯ ದೊಡ್ಡಣ್ಣನೆನ್ನಿ. "ಮೈಲುಗಟ್ಟಲೆ ಕೆಳಗಿದ್ದದ್ದು ಎತ್ತೀನಿ, ಇದೇನ್ ಮಹಾ" ಎಂದು ಮಹಾರಾಜರಿಂದ ಥೇಪ್ಲಾದ ಹಿಟ್ಟು ಇಸಿದುಕೊಂಡು ಕಲ್ಲಿಗೆ ಮೆತ್ತಿ, ದಾರ ಕಟ್ಟಿ ಬಿರುಕಿನಲ್ಲಿ ಇಳಿಬಿಟ್ಟರು. ಮತ್ತೆ ಮತ್ತೆ ಎಳೆದರು. ಪ್ರವಾಸಿಗಳು ಎಸೆದ ಚಿಲ್ಲರೆ ಕಾಸು, ಹಕ್ಕಿಯ ಪುಕ್ಕ, ಯಾರೋ ಜಗಿದು ಉಗಿದ ಗಮ್ಮು ಹಿಟ್ಟಿಗೆ ಅಂಟಿಕೊಂಡು ಬಂದವು. ಲಿಂಗ ಬರಲಿಲ್ಲ. ಆಮೇಲೆ ಅವರು ದಾರವನ್ನು ಕೈಗೆ ಸುತ್ತಿಕೊಂಡು, ನಾನು ಕೂಗಬಾರದಿತ್ತು, ಕೂಗಬಾರದಿತ್ತು ಎಂದು ಗೋಡೆಗೆ ಹೇಳತೊಡಗಿದರು. ಆ ಮನುಷ್ಯನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲ ಸಲ ಕೇಳಿದ್ದು.

ಆಲ್ಕಾಪುರಿಗೆ ಫೋನು ಹೋಯಿತು. ನಿತೇಶ್ ಊರಿನ ಮಠಕ್ಕೆ ಮಾತಾಡಿ ಮರಳಿ ವೀಡಿಯೊದಲ್ಲಿ ಬಂದ. ಚಾಂದ್‌ಖೇಡಾದಲ್ಲಿ ಬೆಳೆದ ಹುಡುಗ, ಕನ್ನಡ ಅವನ ಬಾಯಲ್ಲಿ ಕುಂಟುತ್ತದೆ. "ಮಮ್ಮಿ, ಸ್ವಾಮೀಜಿ ಓಕೆ ಅಂದ್ರು. ಬೇರೆ ಲಿಂಗ ಕಟ್ತಾರಂತೆ. ಅಲ್ಲಿತನಕ ಊಟ ಮಾಡಬಹುದು. ಪ್ಲೀಸ್, ಖಾಈ ಲೋ ನೆ."

"ಸ್ವಾಮಿಗಳು ಹೇಳಿದ್ದು ಖರೇ ಐತಪ್ಪಾ" ಎಂದರು ಗಿರಿಜಮ್ಮ. "ತೊಟ್ಟಿಲದಾಗ ಇದ್ದಾಗ ನಮ್ಮವ್ವ ಕಟ್ಟಿಸಿದ್ದದು. ಈ ಕತ್ತಲ್ಯಾಗ ಅದನ್ನ ಒಗದು, ಮ್ಯಾಲೆ ಕುಂತು ನಾ ಹ್ಯಾಂಗ ಉಣ್ಣಲಿ?"

ನಿತೇಶ್ ಅತ್ತುಬಿಟ್ಟ. ಫೋನನ್ನು ನನ್ನ ಕೈಗೆ ಕೊಟ್ಟು ಆಕೆ ನಮ್ಮನ್ನೆಲ್ಲ ಊಟಕ್ಕೆ ಕಳಿಸಲು ನೋಡಿದರು, ಅದೂ ಗದರಿಸಿ. ಥೇಪ್ಲಾ ಯಾರ ಗಂಟಲಲ್ಲೂ ಇಳಿಯಲಿಲ್ಲ. ಆ ಥಂಡಿಯಲ್ಲೂ ಗಿರಿಜಮ್ಮನ ಹಣೆ ಬೆವರುತ್ತಿತ್ತು, ಬೆರಳು ನಡುಗುತ್ತಿದ್ದವು. ಸಕ್ಕರೆ ಕಾಯಿಲೆಯವರ ನಡುಕ ನನಗೆ ಗೊತ್ತು; ನನ್ನ ಅತ್ತೆ ಹಾಗೇ ಒಮ್ಮೆ ನಡುಗಿ ನೆಲಕ್ಕೆ ಬಿದ್ದವರು ಮತ್ತೆ ಎದ್ದಿರಲಿಲ್ಲ. ನನಗೆ ಸಿಟ್ಟೂ ಬಂತು. ಇದೆಂಥ ಹಟ, ದೇವರೇನು ಪ್ರಾಣ ಕೇಳಿದನೇ ಎಂದು ಬೈದೇಬಿಟ್ಟೆ. ಆಕೆ ನನ್ನ ಕೈ ಹಿಡಿದುಕೊಂಡರು.

ಕೇಳಬೇಕಾದ ಪ್ರಶ್ನೆ ಕೇಳಿದವರು ನಿರಂಜನಾಬೆನ್. ಎಂಟು ದಿನದ ಉಪವಾಸವನ್ನು ಬರಿ ಕಾಯಿಸಿದ ನೀರಿನ ಮೇಲೆ ಮಾಡಿದ ಹೆಂಗಸು ಆಕೆ. ನಮ್ಮೆಲ್ಲರಂತೆ ಬೇಡಿಕೊಳ್ಳದೆ, ಗಿರಿಜಮ್ಮನ ಪಕ್ಕದಲ್ಲಿ ಕೂತು ಗುಜರಾತಿಯಲ್ಲಿ ಮೆಲ್ಲಗೆ ಕೇಳಿದರು: "ನಮ್ಮಲ್ಲಿ ಉಪವಾಸದ ಸಂಕಲ್ಪ ಮಾಡುವಾಗಲೇ ಎಂದು ಮುಗಿಸುತ್ತೇವೆ ಅಂತ ಹೇಳಬೇಕು. ನಿಮ್ಮದು ಎಂದು ಮುಗಿಯುತ್ತದೆ?"

"ಅದು ಸಿಕ್ಕಾಗ."

"ಸಿಗದಿದ್ದರೆ?"

ಗಿರಿಜಮ್ಮ ತಮ್ಮ ಬರಿ ಅಂಗೈ ನೋಡಿಕೊಂಡರು. ನಿರಂಜನಾಬೆನ್ ತಮ್ಮ ನೀರಿನ ಬಾಟಲಿಯನ್ನು ಇಬ್ಬರ ನಡುವೆ ಇಟ್ಟರು. ಗಿರಿಜಮ್ಮ ನಿಜವಾಗಿಯೂ ಇಲ್ಲೇ ಸಾಯಬಹುದು ಎಂದು ನನಗೆ ಆಗ ಹೊಳೆಯಿತು.

ಸಂಜೆಯ ಹೊತ್ತಿಗೆ ಆಫೀಸಿನವನು ಬಂದ. ಏಣಿ, ದೀಪ, ಹೆಲ್ಮೆಟ್ಟು, ಗಾಳಿ ನೋಡುವ ಯಂತ್ರ, ಎಲ್ಲ ತಂದಿದ್ದ. ಬೀಗ ತೆಗೆದಾಗ ನಮ್ಮ ಗುಂಪು ಚಪ್ಪಾಳೆ ತಟ್ಟಿತು. ತಾನೇ ಇಳಿಯುತ್ತೇನೆ ಎಂದ. ಅದನ್ನು ಬೇರೆಯವರು ಮುಟ್ಟುವುದು ಬೇಡ, ನಾನೇ ಇಳಿಯುತ್ತೇನೆ ಎಂದರು ಸಿದ್ದಲಿಂಗಪ್ಪನವರು. ಅವನು ನಿಯಮ ಹೇಳಿದ, ಇವರು ಬಾವಿಗಳ ಮೇಲೆ ಸವೆಸಿದ ವರ್ಷಗಳನ್ನು ಹೇಳಿದರು. ಕೊನೆಗೆ ಸೊಂಟಕ್ಕೆ ಹಗ್ಗ ಬಿಗಿದು, ಹೆಲ್ಮೆಟ್ಟು ತೊಡಿಸಿ ಒಪ್ಪಿಕೊಂಡ. ಗಿರಿಜಮ್ಮನನ್ನು ನಾನೂ ನಿರಂಜನಾಬೆನ್ನೂ ಎರಡೂ ಕಡೆ ಹಿಡಿದು ಗುಂಡಿಯ ಅಂಚಿಗೆ ತಂದು ಕೂರಿಸಿದೆವು.

ದೀಪ ಕೆಳಗಿಳಿಯಿತು. ಹಸಿ ಗೋಡೆ, ಕಿಟಕಿಯಿಲ್ಲ, ಒಬ್ಬ ಮನುಷ್ಯ ಕಾಲು ಚಾಚಿ ಮಲಗಲೂ ಆಗದಷ್ಟು ಜಾಗ. ಮೂಲೆಯಲ್ಲಿ ಚಪ್ಪಟೆ ಕಲ್ಲು ಜೋಡಿಸಿದ ಸಣ್ಣದೊಂದು ದಿಬ್ಬ. ಅದರ ಮೇಲೆ ಕಪ್ಪಗೆ ಲಿಂಗ ಕೂತಿತ್ತು, ಒಡೆದಿರಲಿಲ್ಲ.

"ಸಿಕ್ತು, ಗಿರಿಜಾ, ಸಿಕ್ತು" ಎಂದರು ಸಿದ್ದಲಿಂಗಪ್ಪನವರು.

ಕೋಟೆಯಮ್ಮ ಮಾತ್ರ ಆ ದಿಬ್ಬವನ್ನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಗಿರಿಜಮ್ಮನಿಗೆ ಅದು ಕಂಡಿತು. "ಏನಂತಾಳ ಕೇಳ್ರಿ" ಎಂದರು. ಕೇಳಿದೆ. ಹಿಂದೆಂದೋ ಕಲ್ಲುಕೆಲಸದವರು ಈ ಗುಂಡಿಯನ್ನು ತೆರೆದಾಗ ಮನುಷ್ಯನ ಎಲುಬುಗಳು ಸಿಕ್ಕಿದ್ದವಂತೆ. ಎತ್ತಿಕೊಂಡು ಹೋಗುವವರು ಯಾರೂ ಬರಲಿಲ್ಲ, ಪಾದ್ರಿಯನ್ನೂ ಯಾರೂ ಕರೆಯಲಿಲ್ಲ. ಕೆಲಸದವರೇ ಮೂಲೆಗೆ ಸರಿಸಿ ಮೇಲೆ ನಾಲ್ಕು ಕಲ್ಲು ಮುಚ್ಚಿ ಹೋದರಂತೆ. ಆ ದಿಬ್ಬ ಅದೇ. ನಾನು ಅದನ್ನಷ್ಟೂ ಕನ್ನಡದಲ್ಲಿ ಹೇಳಿದೆ.

ಸಿದ್ದಲಿಂಗಪ್ಪನವರ ಒಂದು ಕಾಲು ಏಣಿಯ ಮೇಲಿತ್ತು. ಗಿರಿಜಮ್ಮ ಕೆಳಗೆ ನೋಡಿದರು, ತುಂಬ ಹೊತ್ತು ನೋಡಿದರು.

"ರೀ, ನಿಲ್ರಿ. ಇಳೀಬ್ಯಾಡ್ರಿ."

ನಾವೆಲ್ಲ ದಂಗಾಗಿ ಆಕೆಯ ಕಡೆ ತಿರುಗಿದೆವು. ಇಡೀ ದಿನ ಪ್ರಾಣ ಒತ್ತೆಯಿಟ್ಟು ಕಾದಿದ್ದು ಕೈಗೆಟುಕುವಷ್ಟು ಹತ್ತಿರ ಬಿದ್ದಿತ್ತು, ದೀಪದ ಬೆಳಕಿನಲ್ಲಿ. ಬುದ್ಧಿ ಸ್ತಿಮಿತ ತಪ್ಪಿತು ಎಂದೇ ನಾನೂ ಅಂದುಕೊಂಡೆ.

"ನಮ್ಮಾಗ ಮಣ್ಣಿಗೆ ಕೂಡಿಸೂ ಮುಂದ ಅಂಗೈಯಾಗ ಲಿಂಗಾ ಇಟ್ಟು ಕೂಡಸ್ತಾರ" ಎಂದರು ಗಿರಿಜಮ್ಮ. ತುಟಿ ಒಣಗಿ ಮಾತು ತಡೆತಡೆದು ಬರುತ್ತಿತ್ತು. "ಆತಗ ಇದ್ದಾಗ ನೀರು ಕೊಡಲಿಲ್ಲ. ಸತ್ತಾಗ ಒಂದು ಹಿಡಿ ಮಣ್ಣು ಕೊಡಲಿಲ್ಲ. ನಂದು ತಾನ ಹೋಗಿ ಆತನ ಮ್ಯಾಲೆ ಕುಂತೈತಿ. ಈಗ ಎತ್ತಿದ್ರ, ಸತ್ತವನ ಕೈಯಾಗಿಂದ ಕಸಗೊಂಡಂಗ ಆಗತೈತಿ. ಇರ್ಲಿ, ಅಲ್ಲೇ ಇರ್ಲಿ. ಒಗದಂಗ ಅಲ್ಲ, ಕೊಟ್ಟಂಗ ಆತು."

ಸಿದ್ದಲಿಂಗಪ್ಪನವರು ಏಣಿ ಹಿಡಿದುಕೊಂಡೇ, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ, ಹೆಂಡತಿಯನ್ನು ಕೇಳಿದರು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

"ಹುಚ್ಚಿ, ನಾಳೆ ನಿನ್ನ ಅಂಗೈಯಾಗ ಏನ್ ಇಡೂದು?"

"ನನಗ ಇಡಾಕ ನೀವದೀರಿ" ಎಂದರು ಗಿರಿಜಮ್ಮ. "ಆತಗ ಯಾರಿದ್ರು?"

ಅವರು ಏಣಿಯ ಮೇಲಿನ ಕಾಲು ತೆಗೆದರು. ಸೊಂಟದ ಹಗ್ಗವನ್ನೂ ಬಿಚ್ಚದೆ ಹಾಗೇ ಬಂದು ಹೆಂಡತಿಯ ಮುಂದೆ ಕೂತರು. ಗಿರಿಜಮ್ಮ ನೀರು ಎಂದು ಕೈ ಚಾಚಿದರು. ನಿರಂಜನಾಬೆನ್ ಕೊಟ್ಟ ಬಾಟಲಿಯ ಮುಚ್ಚಳ ತೆಗೆದು ಸಿದ್ದಲಿಂಗಪ್ಪನವರೇ ಆಕೆಯ ಬಾಯಿಗೆ ಹಿಡಿದರು. ಅರ್ಧ ನೀರು ಆಕೆಯ ಸೀರೆಯ ಮೇಲೆಯೇ ಚೆಲ್ಲಿತು.